ಮಗು ಮೋಷನ್ ಮಾಡಿತೇ, ಎಷ್ಟು ಗಂಟೆಗೆ? ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ನವಜಾತ ಶಿಶುಗಳಲ್ಲಿ ಹಿರ್ಷ್‌ಸ್ಪ್ರಂಗ್ ಕಾಯಿಲೆಯನ್ನು (ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದ ಹುಟ್ಟು ದೋಷ) ಬೇಗ ಪತ್ತೆ ಹಚ್ಚುವುದು ಮತ್ತು ಕರುಳಿನ ನರಮಂಡಲದ ಸಂಶೋಧನೆ

ಮಾನ್ಯರೇ,

ಹೆರಿಗೆ ವಾರ್ಡಿನ ಕೇಸ್ ಶೀಟಿನಲ್ಲಿ ಮಗುವಿನ ತೂಕ ಗ್ರಾಂ ಲೆಕ್ಕದಲ್ಲಿರುತ್ತದೆ. ಹುಟ್ಟಿದ ಹೊತ್ತು ನಿಮಿಷದ ಸಮೇತ ಇರುತ್ತದೆ. ವಿಟಮಿನ್ ಕೆ, ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಕೊಟ್ಟದ್ದಕ್ಕೆಲ್ಲ ಸಹಿ ಬಿದ್ದಿರುತ್ತದೆ. ಮಗು ಮೊದಲ ಸಲ ಮೋಷನ್ ಮಾಡಿದ್ದು ಯಾವಾಗ ಎಂಬಲ್ಲಿ ಮಾತ್ರ ಎಷ್ಟೋ ಕಡೆ ಒಂದು ಟಿಕ್ ಗುರುತು ಬಿಟ್ಟರೆ ಬೇರೇನೂ ಇರುವುದಿಲ್ಲ. ಆ ಟಿಕ್ಕಿನ ಜಾಗದಲ್ಲಿ ಗಂಟೆ ಬರೆಸಿ ಎಂಬುದು ನಮ್ಮ ಮೊದಲ ಕೋರಿಕೆ. ಖರ್ಚಿಲ್ಲದ ಕೋರಿಕೆಯೂ ಇದೊಂದೇ.

ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು 24 ಗಂಟೆಯೊಳಗೆ ಕಪ್ಪು ಹಸಿರಿನ ಅಂಟುಮಲವನ್ನು, ವೈದ್ಯರು ಮೆಕೋನಿಯಂ ಎನ್ನುವುದನ್ನು, ಹೊರಹಾಕುತ್ತವೆ. 48 ಗಂಟೆಯೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ. ಅದು ಮೀರಿದರೆ ಕಾರಣ ಹುಡುಕಲೇಬೇಕು. ಗುದದ್ವಾರವೇ ಇಲ್ಲದಿರಬಹುದು, ಸೋಂಕು ಇರಬಹುದು, ಥೈರಾಯ್ಡ್ ಕೊರತೆ ಇರಬಹುದು, ತಾಯಿಗೆ ಸಕ್ಕರೆ ಕಾಯಿಲೆ ಇದ್ದಿರಬಹುದು, ಬಿಪಿ ಏರಿತೆಂದು ಹೆರಿಗೆ ಹೊತ್ತಿನಲ್ಲಿ ಆಕೆಗೆ ಮೆಗ್ನೀಷಿಯಂ ಸಲ್ಫೇಟ್ ಕೊಟ್ಟಿರಬಹುದು. ಇವುಗಳಲ್ಲಿ ಕೆಲವು ಕಣ್ಣಿಗೆ ಬೀಳುತ್ತವೆ, ಕೆಲವು ತಾವಾಗಿ ಸರಿಹೋಗುತ್ತವೆ. ಯಾರ ಕಣ್ಣಿಗೂ ಬೀಳದೆ ಡಿಸ್ಚಾರ್ಜ್ ಆಗಿ ಮನೆ ಸೇರುವುದು ಹಿರ್ಷ್‌ಸ್ಪ್ರಂಗ್ ಕಾಯಿಲೆ. ಸುಮಾರು 5000 ಹೆರಿಗೆಗೆ ಒಂದು ಮಗುವಿಗೆ ಇದು ಬರುತ್ತದೆ, ಅಂದರೆ ಲಕ್ಷ ಹೆರಿಗೆಗೆ 20 ಮಕ್ಕಳು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು.

ಅನ್ನನಾಳದಿಂದ ಗುದದ್ವಾರದವರೆಗೆ ಕರುಳಿನ ಗೋಡೆಯೊಳಗೆ ಕೋಟ್ಯಂತರ ನರಕೋಶಗಳ ಎರಡು ಜಾಲಗಳಿವೆ. ಒಂದು ಸ್ನಾಯು ಪದರಗಳ ನಡುವೆ, ಇನ್ನೊಂದು ಒಳಪೊರೆಯ ಕೆಳಗೆ. ಮಿದುಳಿನ ಅಪ್ಪಣೆಗೆ ಕಾಯದೆ ಊಟವನ್ನು ಮುಂದಕ್ಕೆ ತಳ್ಳುವುದು ಈ ಜಾಲಗಳ ಕೆಲಸ. 1899ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿದ ಮೇಲೂ ನಾಯಿಯ ಕರುಳು ಕ್ರಮವಾಗಿ ಚಲಿಸುವುದನ್ನು ತೋರಿಸಿದರು. ಇದನ್ನು ಬೇರೆಯದೇ ನರಮಂಡಲವೆಂದು ಎಣಿಸಬೇಕೆಂದು 1921ರಲ್ಲಿ ಲ್ಯಾಂಗ್ಲಿ ಬರೆದರು. ಈ ನರಕೋಶಗಳು ಕರುಳಿನಲ್ಲೇ ಹುಟ್ಟುವುದಿಲ್ಲ. ಭ್ರೂಣದ ಕತ್ತಿನ ಭಾಗದಲ್ಲಿ, ಮುಂದೆ ಬೆನ್ನುಹುರಿಯಾಗುವ ಕೊಳವೆಯ ಅಂಚಿನಿಂದ ಹೊರಟು, ಗರ್ಭದ ನಾಲ್ಕನೇ ವಾರದಿಂದ ಸುಮಾರು ಏಳನೇ ವಾರದವರೆಗೆ ಮೇಲಿನಿಂದ ಕೆಳಕ್ಕೆ ಸಾಗಿ ಬರುತ್ತವೆ. ದಾರಿಯಲ್ಲಿ ಸಂಖ್ಯೆ ಕಡಿಮೆ ಬಿದ್ದರೆ ಅಥವಾ ವೇಗ ತಗ್ಗಿದರೆ, ಕಾಲುವೆಯ ನೀರು ಕೊನೆಯಂಚಿನ ಗದ್ದೆಗೆ ಮುಟ್ಟದಂತೆ, ಕೆಳಗಿನ ಕರುಳು ಬರಿದಾಗಿ ಉಳಿಯುತ್ತದೆ. ಈ ಕಾಯಿಲೆ ಯಾವಾಗಲೂ ಗುದದ್ವಾರದಿಂದ ಶುರುವಾಗಿ ಮೇಲಕ್ಕೆ ಹಬ್ಬಿರುವುದಕ್ಕೆ ಕಾರಣ ಇದೇ. ನೂರರಲ್ಲಿ ಸುಮಾರು 80 ಮಕ್ಕಳಲ್ಲಿ ಮಲಾಶಯ ಮತ್ತು ಅದರ ಮೇಲಿನ ಬಾಗಿದ ಭಾಗದಲ್ಲೇ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಇಡೀ ದೊಡ್ಡ ಕರುಳಿಗೆ ನರಕೋಶವಿರುವುದಿಲ್ಲ.

ನರಕೋಶವಿಲ್ಲದ ಭಾಗ ಸಡಿಲಗೊಳ್ಳುವುದೇ ಇಲ್ಲ. ಸ್ನಾಯುವಿಗೆ ‘ಬಿಡು’ ಎನ್ನುವ, ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುವ ಕೋಶಗಳೇ ಅಲ್ಲಿಲ್ಲ. ಅದು ಬಿಗಿಹಿಡಿದೇ ಇರುತ್ತದೆ. ಅದರ ಮೇಲಿನ ಆರೋಗ್ಯವಂತ ಕರುಳು ತಳ್ಳಿ ತಳ್ಳಿ ಉಬ್ಬುತ್ತದೆ. ನೋಡುವವರಿಗೆ ಉಬ್ಬಿದ್ದೇ ಕಾಯಿಲೆಯಂತೆ ಕಾಣುತ್ತದೆ. ಕೋಪನ್‌ಹೇಗನ್ನಿನ ಹೆರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ಇಬ್ಬರು ಶಿಶುಗಳ ವಿವರ ಮಂಡಿಸಿದಾಗ ಅವರೂ ಹಾಗೆಯೇ ತಿಳಿದಿದ್ದರು. 1948ರಲ್ಲಿ ಬಾಸ್ಟನ್ನಿನ ಓರ್ವಾರ್ ಸ್ವೆನ್ಸನ್, ತಪ್ಪು ಇರುವುದು ಕೆಳಗಿನ ಕಿರಿದಾದ ಭಾಗದಲ್ಲಿ ಎಂದು ಅದನ್ನು ತೆಗೆದು ಮೇಲಿನದನ್ನು ಕೆಳಗೆ ಎಳೆದು ಜೋಡಿಸಿದ ಮೇಲೆಯೇ ಮಕ್ಕಳು ನೆಟ್ಟಗಾಗತೊಡಗಿದ್ದು. ಅದಾಗಿ ಮುಕ್ಕಾಲು ಶತಮಾನ ದಾಟಿದೆ. ನಮ್ಮ ಜಿಲ್ಲೆಗಳಲ್ಲಿ ಇಂದಿಗೂ ಹೊಟ್ಟೆ ಉಬ್ಬಿದ ಮಗುವಿಗೆ ಉಬ್ಬರದ ಹನಿ ಬರೆದುಕೊಡುವುದು ನಿಂತಿಲ್ಲ.

ಕಾಯಿಲೆ ತಪ್ಪಿಹೋಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡು ದಿನವಾದರೂ ಮಗು ಮೋಷನ್ ಮಾಡಲಿಲ್ಲವೆಂದರೆ ಮನೆಯ ಹಿರಿಯರು ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಗುದದ್ವಾರಕ್ಕೆ ಇಡುತ್ತಾರೆ. ಕೆಲವರು ಸೋಪಿನ ಚೂರು ಇಡುತ್ತಾರೆ. ಆಸ್ಪತ್ರೆಯಲ್ಲಾದರೆ ಗ್ಲಿಸರಿನ್ ಸಪೊಸಿಟರಿ. ಮೂರೂ ಮಾಡುವುದು ಒಂದೇ ಕೆಲಸ: ಬಿಗಿದ ಭಾಗವನ್ನು ಆ ಗಳಿಗೆಗೆ ಹಿಗ್ಗಿಸಿ, ಮೇಲೆ ತಡೆದು ನಿಂತಿದ್ದ ಗಾಳಿ ಮತ್ತು ಮಲ ಬುಸ್ಸೆಂದು ಹೊರಬರುವಂತೆ ಮಾಡುತ್ತವೆ. ಹೊಟ್ಟೆ ಇಳಿಯುತ್ತದೆ, ಮಗು ಹಾಲು ಕುಡಿಯುತ್ತದೆ, ಎಲ್ಲರಿಗೂ ಸಮಾಧಾನ. ನಮಗೆ ಅದೇ ಅಪಾಯದ ಗಂಟೆ. ತೊಟ್ಟು ಇಟ್ಟಾಗ ಮಾತ್ರ ಮೋಷನ್, ಇಡದಿದ್ದರೆ ಇಲ್ಲ, ಮೂರು ದಿನಕ್ಕೆ ಮತ್ತೆ ಹೊಟ್ಟೆ ತಮಟೆ ಎಂದು ತಾಯಿ ಹೇಳಿದರೆ ಅದು ಮಲಬದ್ಧತೆಯ ವಿವರಣೆಯಲ್ಲ, ಹಿರ್ಷ್‌ಸ್ಪ್ರಂಗ್‌ನ ವಿವರಣೆ. ಅಜ್ಜಿಯರನ್ನು ಬೈಯುವುದರಿಂದ ಪ್ರಯೋಜನವಿಲ್ಲ. ‘ಏನಾದರೂ ಇಟ್ಟು ಮಾಡಿಸಿದಿರಾ, ತಾನಾಗಿ ಮಾಡಿತಾ?’ ಎಂದು ಕೇಳಿದರೆ ಅವರೇ ಎಲ್ಲರಿಗಿಂತ ಸ್ಪಷ್ಟವಾಗಿ ಹೇಳುತ್ತಾರೆ.

ಹಾಗಾಗಿ ಕೇಸ್ ಶೀಟಿನಲ್ಲಿ ಮತ್ತು ತಾಯಿ ಕಾರ್ಡಿನಲ್ಲಿ ಇಷ್ಟು ಸೇರಿಸಿ: ಮೊದಲ ಮೋಷನ್ ಆದದ್ದು ಹುಟ್ಟಿದ ಎಷ್ಟನೇ ಗಂಟೆಗೆ; ತಾನಾಗಿಯೇ, ಏನಾದರೂ ಇಟ್ಟ ಮೇಲೆಯೇ; ಗುದದ್ವಾರ ಸರಿಯಾದ ಜಾಗದಲ್ಲಿದೆಯೆಂದು ಬಟ್ಟೆ ಬಿಚ್ಚಿ ನೋಡಿದವರ ಸಹಿ; ಹೊಟ್ಟೆ ಉಬ್ಬಿದೆಯೇ; ವಾಂತಿ ಹಸಿರಾಗಿದೆಯೇ. ಮೂರನೆಯದನ್ನು ಬೇಕೆಂದೇ ಸೇರಿಸಿದ್ದೇವೆ. ಗುದದ್ವಾರವಿಲ್ಲದ ಮಗು ಬೇರೆ ಸಣ್ಣ ರಂಧ್ರದಿಂದ ಒಂದಿಷ್ಟು ಕಪ್ಪುಮಲ ಹೊರಹಾಕಬಲ್ಲದು, ಬಟ್ಟೆ ಒದ್ದೆಯಾದದ್ದನ್ನು ನೋಡಿ ಟಿಕ್ ಹಾಕಿದರೆ ಅದೂ ತಪ್ಪಿಹೋಗುತ್ತದೆ. ಹಸಿರು ವಾಂತಿಗಂತೂ ಗಂಟೆ ಎಣಿಸುವ ಪ್ರಶ್ನೆಯೇ ಇಲ್ಲ. ಅದು ಕರುಳು ಎಲ್ಲೋ ಕಟ್ಟಿಕೊಂಡಿರುವ ಗುರುತು, ಮಗು ಆ ಕೂಡಲೇ ಶಸ್ತ್ರಚಿಕಿತ್ಸಕರ ಬಳಿ ಹೋಗಬೇಕು.

ಜನನಿ-ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಹಜ ಹೆರಿಗೆಯಾದ ತಾಯಿಯನ್ನು 48 ಗಂಟೆ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳಬೇಕೆಂದಿದೆ. ಹಾಸಿಗೆ ಸಾಲದೆ ಮರುದಿನವೇ ಕಳಿಸಿದಾಗ ಕೈತಪ್ಪುವುದು ಸರಿಯಾಗಿ ನಮಗೆ ಬೇಕಾದ ಆ ಎರಡನೇ ದಿನವೇ. ಕಳಿಸಲೇಬೇಕಾದರೆ, 24 ಗಂಟೆಯಲ್ಲಿ ಮೋಷನ್ ಆಗದ ಮಗುವನ್ನು ಕಳಿಸಬಾರದೆಂಬ ಒಂದೇ ನಿಯಮ ಸಾಕು. ಮನೆಗೆ ಹೋದವರನ್ನು ಹಿಡಿಯಲು ಆಶಾ ಕಾರ್ಯಕರ್ತೆಯರಿದ್ದಾರೆ. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಅವರು ಹೇಗಿದ್ದರೂ ಮನೆಗೆ ಹೋಗುತ್ತಾರೆ, ಮಗುವನ್ನು ತೂಗುತ್ತಾರೆ, ಜ್ವರ ನೋಡುತ್ತಾರೆ. 3 ಮತ್ತು 7ನೇ ದಿನದ ಭೇಟಿಯಲ್ಲಿ ವೀಳ್ಯದೆಲೆಯ ಪ್ರಶ್ನೆಯನ್ನೂ ಕೇಳಲಿ. ಅವರ ಮೇಲೆ ಇನ್ನೊಂದು ರಿಜಿಸ್ಟರ್ ಹೇರುವುದು ಮಾತ್ರ ಬೇಡ. ಇರುವ ಫಾರಂನಲ್ಲೇ ಒಂದು ಸಾಲು ಮುದ್ರಿಸಿದರೆ ಆಯಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ಕಾಯಿಲೆಯಿರುವ ಮಕ್ಕಳಲ್ಲೂ ಕೆಲವು 24 ಗಂಟೆಯೊಳಗೇ ಮೋಷನ್ ಮಾಡುತ್ತವೆ. ದಿನ ತುಂಬದೆ ಹುಟ್ಟಿದ ಆರೋಗ್ಯವಂತ ಮಕ್ಕಳು ತಡವಾಗಿ ಮಾಡುವುದೂ ಸಹಜ. ಗಂಟೆ ಬರೆಯುವುದು ಜರಡಿ ಹಿಡಿಯುವುದಕ್ಕೆ, ತೀರ್ಪು ಕೊಡುವುದಕ್ಕಲ್ಲ.

ಮಕ್ಕಳು ಸಾಯುವುದು ಮಲ ಕಟ್ಟಿದ್ದರಿಂದಲ್ಲ, ಅದರ ಮೇಲೆ ಬರುವ ಕರುಳಿನ ಉರಿಯೂತದಿಂದ. ನಿಂತ ಮಲದಲ್ಲಿ ಬ್ಯಾಕ್ಟೀರಿಯಾ ಬೆಳೆದು ಒಳಪೊರೆ ಹುಣ್ಣಾಗಿ ಸೋಂಕು ರಕ್ತಕ್ಕೆ ಇಳಿಯುತ್ತದೆ. ಜ್ವರ, ಬಿಗಿದ ಹೊಟ್ಟೆ, ಮಂಕು, ಜೊತೆಗೆ ಕೊಳೆತ ವಾಸನೆಯ ನೀರುನೀರು ಭೇದಿ. ಎಲ್ಲರೂ ಎಡವುವುದು ಈ ಭೇದಿಯಲ್ಲೇ. ಮಲಬದ್ಧತೆಯ ಕಾಯಿಲೆಯಲ್ಲಿ ಭೇದಿ ಹೇಗೆ ಎಂದುಕೊಂಡು, ಸಾಮಾನ್ಯ ವಾಂತಿಭೇದಿಯೆಂದು ಓಆರ್‌ಎಸ್ ಪೊಟ್ಟಣ ಕೊಟ್ಟು ಕಳಿಸುತ್ತಾರೆ. ಸಾಮಾನ್ಯ ಭೇದಿಯಲ್ಲಿ ಹೊಟ್ಟೆ ಇಷ್ಟು ಉಬ್ಬುವುದಿಲ್ಲ. ಬೆರಳಿನಿಂದ ಪರೀಕ್ಷಿಸಿ ಹೊರತೆಗೆದ ಕೂಡಲೇ ಗಾಳಿ ಮತ್ತು ಮಲ ಚಿಮ್ಮಿದರೆ ಅನುಮಾನವೇ ಬೇಡ. ಬಾಯಿಗೆ ಏನನ್ನೂ ಕೊಡದೆ, ಮೂಗಿನ ಕೊಳವೆ ಹಾಕಿ, ಡ್ರಿಪ್ ಹಚ್ಚಿ, ಮೆಟ್ರೊನಿಡಜೋಲ್ ಸೇರಿದಂತೆ ಆಂಟಿಬಯೋಟಿಕ್ ಶುರು ಮಾಡಿ, ಕರುಳು ತೊಳೆಯಬೇಕು. ಭೇದಿ ನಿಲ್ಲಿಸುವ ಔಷಧ ಕೊಟ್ಟರೆ ಕರುಳು ಹರಿಯುವ ಅಪಾಯವಿದೆ.

ತೊಳೆಯುವುದು ಬೇರೆ, ಎನಿಮಾ ಬೇರೆ. ಎನಿಮಾದಲ್ಲಿ ದ್ರವ ಒಳಗೆ ಬಿಟ್ಟು ಅದು ತಾನಾಗಿ ಹೊರಬರಲೆಂದು ಕಾಯುತ್ತೇವೆ. ಈ ಮಕ್ಕಳಲ್ಲಿ ಅದು ಹೊರಬರುವುದಿಲ್ಲ, ಒಳಗೇ ಉಳಿದು ಮೈಗೆ ಹೀರಿಕೊಳ್ಳುತ್ತದೆ. ತೊಳೆಯುವಾಗ ಮೆತ್ತನೆಯ ದಪ್ಪ ಕ್ಯಾತಿಟರ್‌ಗೆ ಜೆಲ್ಲಿ ಹಚ್ಚಿ, ತುದಿ ಬಿಗಿದ ಭಾಗವನ್ನು ದಾಟಿ ಉಬ್ಬಿದ ಭಾಗಕ್ಕೆ ಮುಟ್ಟುವವರೆಗೆ ಒತ್ತಡ ಹಾಕದೆ ಸರಿಸಬೇಕು. ದಾಟಿದ ಕೂಡಲೇ ಗಾಳಿ ಹೊರಬರುವುದರಿಂದ ತಿಳಿಯುತ್ತದೆ. ಮೈಬಿಸಿಯಷ್ಟು ಬೆಚ್ಚಗಿನ ನಾರ್ಮಲ್ ಸಲೈನನ್ನು ಒಂದು ಸಲಕ್ಕೆ ತೂಕದ ಕಿಲೋಗೆ 10ರಿಂದ 20 ಮಿ.ಲೀ. ಮೀರದಂತೆ ಬಿಟ್ಟು, ಅದೇ ಕೊಳವೆಯಿಂದ ಕೆಳಗೆ ಇಳಿಯಲು ಬಿಡಬೇಕು. ಮೂರು ಕಿಲೋ ಮಗುವಿಗೆ 30ರಿಂದ 60 ಮಿ.ಲೀ. ಬಂದದ್ದು ತಿಳಿಯಾಗುವವರೆಗೆ ಮತ್ತೆ ಮತ್ತೆ. ಒಳಗೆ ಹೋದದ್ದೆಷ್ಟು, ಹೊರಬಂದದ್ದೆಷ್ಟು ಎಂದು ಬರೆದಿಡಬೇಕು. ಹೋದಷ್ಟು ಬರದಿದ್ದರೆ ಇನ್ನಷ್ಟು ಬಿಡಬಾರದು, ಕೊಳವೆಯ ಜಾಗ ಸರಿಪಡಿಸಬೇಕು. ಸಲೈನ್ ಇಲ್ಲವೆಂದು ನಲ್ಲಿ ನೀರು ಅಥವಾ ಸೋಪು ನೀರು ಬಳಸಿದರೆ ರಕ್ತದ ಸೋಡಿಯಂ ಇಳಿದು ಮಗುವಿಗೆ ಫಿಟ್ಸ್ ಬರಬಹುದು. ಇದನ್ನು ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದ ಸ್ಟಾಫ್ ನರ್ಸ್‌ಗಳು ಚೆನ್ನಾಗಿ ಕಲಿಯಬಲ್ಲರು, ಅವರು ಮುಂದೆ ತಾಯಂದಿರಿಗೂ ಕಲಿಸಬಲ್ಲರು. ಸರಿಯಾಗಿ ತೊಳೆದ ಮಗು ಶಸ್ತ್ರಚಿಕಿತ್ಸೆಗೆ ವಾರಗಟ್ಟಲೆ ಕಾಯಬಲ್ಲದು, ಎಷ್ಟೋ ಸಲ ಹೊಟ್ಟೆಯ ಮೇಲೆ ಮಲದ್ವಾರ ಮಾಡುವುದೂ ತಪ್ಪುತ್ತದೆ.

ಪರೀಕ್ಷೆಗಳ ವಿಚಾರಕ್ಕೆ ಬಂದರೆ, ಎಕ್ಸ್‌-ರೇಗೆ ಮುನ್ನ ಕರುಳು ತೊಳೆದುಬಿಡುವುದು ದಿನನಿತ್ಯದ ತಪ್ಪು. ಗುದದ್ವಾರದಿಂದ ಬಣ್ಣ ಬಿಟ್ಟು ತೆಗೆಯುವ ಚಿತ್ರದಲ್ಲಿ ನಾವು ಹುಡುಕುವುದು ಕಿರಿದಾದ ಭಾಗ ಅಗಲವಾಗುವ ಜಾಗವನ್ನು. ಮೊದಲೇ ತೊಳೆದರೆ, ಬೆರಳು ಹಾಕಿ ಪರೀಕ್ಷಿಸಿದರೆ, ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಕ್ಯಾತಿಟರ್ ತುದಿ ಗುದದ್ವಾರದಿಂದ ತುಸುವೇ ಒಳಗಿರಬೇಕು, ಬಲೂನ್ ಉಬ್ಬಿಸಬಾರದು, ಪಕ್ಕದಿಂದ ತೆಗೆದ ಚಿತ್ರ ಇರಲೇಬೇಕು, 24 ಗಂಟೆಯ ನಂತರ ಇನ್ನೊಂದು. ಇವಿಷ್ಟನ್ನು ರೇಡಿಯಾಲಜಿ ಕೋಣೆಯ ಗೋಡೆಗೆ ಅಂಟಿಸಿದರೆ ಚಿತ್ರಗಳ ಗುಣಮಟ್ಟ ಅಲ್ಲಿಂದಲೇ ಸುಧಾರಿಸುತ್ತದೆ. ಚಿತ್ರ ಸಹಜವಾಗಿದ್ದರೂ ಕಾಯಿಲೆ ಇರಬಹುದು, ಅದರಲ್ಲೂ ಇಡೀ ದೊಡ್ಡ ಕರುಳು ಬರಿದಾಗಿರುವ ಮಕ್ಕಳಲ್ಲಿ. ಮಲಾಶಯದಲ್ಲಿ ಸಣ್ಣ ಬಲೂನ್ ಉಬ್ಬಿಸಿ ಒಳ ಸ್ನಾಯು ಸಡಿಲಗೊಳ್ಳುತ್ತದೆಯೇ ಎಂದು ಒತ್ತಡ ಅಳೆಯುವ ಮ್ಯಾನೊಮೆಟ್ರಿ ಒಳ್ಳೆಯ ಪರೀಕ್ಷೆಯೇ, ಅಳುವ ಮಗುವಿನ ಮೇಲೆ ಅದನ್ನು ನಂಬುವಂತೆ ಮಾಡುವುದು ಕಷ್ಟ. ಜಿಲ್ಲೆಗೊಂದು ಯಂತ್ರ ಕೊಳ್ಳಿ ಎಂದು ನಾವು ಕೇಳುವುದಿಲ್ಲ.

ಕೊನೆಯ ತೀರ್ಪು ಬಯಾಪ್ಸಿಯದ್ದು, ಅಂದರೆ ಮಲಾಶಯದ ಒಳಗೋಡೆಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದರದ್ದು. ಹಣ ಹೂಡಬೇಕಾದ ಜಾಗವೂ ಅದೇ. ಗುದದ್ವಾರದೊಳಗೆ ಹಲ್ಲುಗೆರೆ ಎನ್ನುವ ರೇಖೆಯಿಂದ ಸುಮಾರು 2 ಸೆಂ.ಮೀ. ಮೇಲೆ, ಹಿಂಬದಿಯ ಅಥವಾ ಪಕ್ಕದ ಗೋಡೆಯಿಂದ, ಸಕ್ಷನ್ ಉಪಕರಣದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ, ಸುಮಾರು 3 ಮಿ.ಮೀ. ಚೂರನ್ನು ತೆಗೆಯುತ್ತಾರೆ. ಆ ಎತ್ತರದಲ್ಲಿ ನೋವಿನ ನರಗಳಿಲ್ಲದ್ದರಿಂದ ಶಿಶುವಿಗೆ ಅರಿವಳಿಕೆ ಬೇಡ, ಹಾಸಿಗೆಯಲ್ಲೇ ಮಾಡಬಹುದು. ವಿಟಮಿನ್ ಕೆ ಕೊಟ್ಟಿರಬೇಕು, ಪ್ಲೇಟ್‌ಲೆಟ್ ನೋಡಿರಬೇಕು. ತಪ್ಪಾಗುವುದು ಎರಡು ರೀತಿ. ತೀರ ಕೆಳಗೆ ತೆಗೆದರೆ, ಎಲ್ಲ ಮಕ್ಕಳಲ್ಲೂ ನರಕೋಶ ವಿರಳವಾಗಿರುವ ಪಟ್ಟಿಯಿಂದ ಚೂರು ಬಂದು ಇಲ್ಲದ ಕಾಯಿಲೆ ಇದೆಯೆಂದಾಗುತ್ತದೆ. ತೀರ ಮೇಲ್ಪದರ ತೆಗೆದರೆ, ಒಳಪೊರೆಯ ಕೆಳಗಿನ ಪದರವೇ ಸಿಗದೆ ಪ್ಯಾಥಾಲಜಿಸ್ಟ್ ‘ಸಾಲದು’ ಎಂದು ಬರೆದು ಕಳಿಸುತ್ತಾರೆ, ಮಗು ಮತ್ತೆ ಬರಬೇಕು. ಅದಕ್ಕೇ ಕನಿಷ್ಠ ಎರಡು ಚೂರು, ಚೂರಿನಲ್ಲಿ ಮೂರನೇ ಒಂದು ಭಾಗವಾದರೂ ಆ ಕೆಳಪದರ. ತೆಗೆದದ್ದನ್ನು ಮಡಚಿಕೊಳ್ಳದಂತೆ ಸಣ್ಣ ಫಿಲ್ಟರ್ ಕಾಗದದ ಮೇಲೆ ಹರಡಿ ಇಡಬೇಕು.

ಹಿಂದೆ ಈ ಪರೀಕ್ಷೆಗೆ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವದ ಬಣ್ಣವೇ ಆಧಾರವಾಗಿತ್ತು. ಅದಕ್ಕೆ ಹಸಿ ಚೂರನ್ನು ಕೂಡಲೇ ಹೆಪ್ಪುಗಟ್ಟಿಸಬೇಕು. ಚೂರು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣಕ್ಕೆ ಬಿದ್ದರೆ ಮುಗಿಯಿತು. ಅಂಥ ಸೌಕರ್ಯ ದೊಡ್ಡ ಊರುಗಳಲ್ಲಿ ಮಾತ್ರ, ಹಾಗಾಗಿ ಮಗುವೇ ಅಲ್ಲಿಗೆ ಹೋಗಬೇಕಿತ್ತು. ಕಳೆದ ಎರಡು ದಶಕಗಳಲ್ಲಿ ಕ್ಯಾಲ್ರೆಟಿನಿನ್ ಎಂಬ ಪ್ರೋಟೀನಿನ ಬಣ್ಣ ಬಂದು ಲೆಕ್ಕ ಬದಲಾಗಿದೆ. ಇದು ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಕಟ್ಟಿದ ಚೂರಿನ ಮೇಲೆಯೇ ಆಗುತ್ತದೆ. ನರಕೋಶವಿರುವ ಕರುಳಿನ ಒಳಪೊರೆಯಲ್ಲಿ ಕಂದು ಬಣ್ಣದ ತೆಳು ನರತಂತುಗಳು ಕಾಣುತ್ತವೆ, ಇಲ್ಲದ ಕಡೆ ಒಂದೂ ಕಾಣುವುದಿಲ್ಲ. ಅಲ್ಲಲ್ಲಿ ಇರುವ ಮಾಸ್ಟ್ ಕೋಶಗಳು ಎರಡರಲ್ಲೂ ಬಣ್ಣ ಹಿಡಿಯುವುದರಿಂದ ಬಣ್ಣ ಕೆಲಸ ಮಾಡಿದೆಯೇ ಎಂಬುದಕ್ಕೆ ಸಾಕ್ಷಿ ಅದೇ ಸ್ಲೈಡಿನಲ್ಲಿರುತ್ತದೆ. ಒಂದಲ್ಲ, ಹತ್ತಾರು ಸಾಲು ಕಟ್‌ಗಳನ್ನು ನೋಡಿ ಹೇಳಬೇಕೆಂಬುದು ಮಾತ್ರ ಬದಲಾಗಿಲ್ಲ.

ಇದರ ಅರ್ಥ ಆಡಳಿತಕ್ಕೆ ದೊಡ್ಡದು. ಬೀದರ್‌ನಿಂದ ಬೆಂಗಳೂರಿಗೆ 650 ಕಿ.ಮೀ.ಗೂ ಹೆಚ್ಚು. ಹೊಟ್ಟೆ ಉಬ್ಬಿದ ಎಂಟು ದಿನದ ಮಗುವನ್ನು, ಇನ್ನೂ ಹಸಿಮೈಯ ಬಾಣಂತಿಯನ್ನು ಅಷ್ಟು ದೂರ ಸಾಗಿಸುವ ಬದಲು ಫಾರ್ಮಲಿನ್ ಡಬ್ಬಿಯನ್ನು ಸಾಗಿಸಬಹುದು. ಪ್ಯಾಥಾಲಜಿ ವಿಭಾಗವಿಲ್ಲದ ವೈದ್ಯಕೀಯ ಕಾಲೇಜು ಇಲ್ಲ. ಹುಬ್ಬಳ್ಳಿ, ಕಲಬುರಗಿ, ಮೈಸೂರು, ಬಳ್ಳಾರಿ, ಶಿವಮೊಗ್ಗದ ಸರ್ಕಾರಿ ಕಾಲೇಜುಗಳಲ್ಲಿ ಕ್ಯಾಲ್ರೆಟಿನಿನ್ ಬಣ್ಣಕ್ಕೆ ಪ್ರತ್ಯೇಕ ಅನುದಾನವಿಟ್ಟು, ವರ್ಷಪೂರ್ತಿ ಆ್ಯಂಟಿಬಾಡಿ ಮುಗಿಯದಂತೆ ಖರೀದಿ ಒಪ್ಪಂದ ಮಾಡಿಸಿ. ಸ್ಲೈಡನ್ನು ಸ್ಕ್ಯಾನ್ ಮಾಡಿ ಬೆಂಗಳೂರಿನ ಇನ್ನೊಬ್ಬ ಪ್ಯಾಥಾಲಜಿಸ್ಟ್‌ಗೆ ತೋರಿಸುವ ವ್ಯವಸ್ಥೆ ಇರಲಿ. ವರ್ಷಕ್ಕೆ ಬೆರಳೆಣಿಕೆಯ ಚೂರು ನೋಡುವವರಿಗೆ ಎರಡನೇ ಕಣ್ಣು ಬೇಕೇ ಬೇಕು.

ಶಸ್ತ್ರಚಿಕಿತ್ಸೆಯ ತಾಂತ್ರಿಕ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. 1998ರಿಂದ ಈಚೆಗೆ ಹೊಟ್ಟೆ ಕೊಯ್ಯದೆ ಗುದದ್ವಾರದ ಮೂಲಕವೇ ಮಾಡುವ ವಿಧಾನ ಹಬ್ಬಿದೆ, ನಮ್ಮ ರಾಜ್ಯದ ಮಕ್ಕಳ ಶಸ್ತ್ರಚಿಕಿತ್ಸಕರಿಗೆ ಅದು ಕರಗತವಾಗಿದೆ. ಒಂದೇ ಮಾತು: ಎಲ್ಲಿಂದ ಮೇಲೆ ಕರುಳು ಚೆನ್ನಾಗಿದೆ ಎಂಬುದನ್ನು ಆಪರೇಷನ್ ನಡೆಯುತ್ತಿರುವಾಗಲೇ ಫ್ರೋಜನ್ ಸೆಕ್ಷನ್ ಮಾಡಿ, ಅಂದರೆ ಚೂರನ್ನು ಹೆಪ್ಪುಗಟ್ಟಿಸಿ ಕೂಡಲೇ ನೋಡಿ, ಹೇಳಬೇಕು. ಕಣ್ಣಳತೆಯಲ್ಲಿ ಅಂದಾಜಿಸಿ, ಅರೆಬರೆ ನರಕೋಶವಿರುವ ಭಾಗವನ್ನೇ ಕೆಳಗೆಳೆದು ಜೋಡಿಸಿದರೆ ಮಗುವಿಗೆ ಮತ್ತದೇ ಮಲಬದ್ಧತೆ, ಕೊನೆಗೆ ಎರಡನೇ ಆಪರೇಷನ್. ಅದಕ್ಕೆ ಬೇಕಾದ ಕ್ರಯೊಸ್ಟ್ಯಾಟ್ ಯಂತ್ರ ಮತ್ತು ಆ ಹೊತ್ತಿಗೆ ಪ್ಯಾಥಾಲಜಿಸ್ಟ್ ಇಲ್ಲದ ಕಡೆ ಈ ಆಪರೇಷನ್ನಿಗೆ ಅನುಮತಿಯನ್ನೇ ಕೊಡಬೇಡಿ ಎನ್ನುವಷ್ಟು ಇದು ಮುಖ್ಯ.

ಆಪರೇಷನ್ ಆದ ಮೇಲಿನ ವರ್ಷಗಳು ಯಾವ ಪ್ಯಾಕೇಜಿನ ಲೆಕ್ಕಕ್ಕೂ ಸರಿಯಾಗಿ ಕೂರುವುದಿಲ್ಲ. ಜೋಡಣೆ ಕಿರಿದಾಗದಂತೆ ಕೆಲ ಮಕ್ಕಳಿಗೆ ಹಿಗ್ಗಿಸುವ ಕಡ್ಡಿ ಹಾಕಬೇಕು. ಉರಿಯೂತ ಆಪರೇಷನ್ನಿನ ನಂತರವೂ ಬರುತ್ತದೆ, ತೊಳೆಯುವ ಕ್ಯಾತಿಟರ್ ಮನೆಯಲ್ಲಿರಬೇಕು. ಹೊಟ್ಟೆಯ ಮೇಲೆ ಮಲದ್ವಾರ ಮಾಡಿಸಿಕೊಂಡ ಮಗುವಿಗೆ ಮಲ ತುಂಬಿಕೊಳ್ಳುವ ಸ್ಟೋಮಾ ಚೀಲ ಬೇಕು. ಇವು ಹೊರಗಿನಿಂದ ತರಬೇಕಾದ ಸಾಮಾನುಗಳಾದಾಗ ಕೂಲಿ ಮಾಡುವ ಮನೆಯವರು ಚೀಲದ ಬದಲು ಹಳೆ ಬಟ್ಟೆ ಕಟ್ಟುತ್ತಾರೆ, ಸುತ್ತಲಿನ ಚರ್ಮ ಬೆಂದಂತಾಗುತ್ತದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಡಿ ಆಪರೇಷನ್ನಿನ ಜೊತೆಗೆ ಮುಂದಿನ ಐದು ವರ್ಷದ ಫಾಲೋಅಪ್, ಕ್ಯಾತಿಟರ್, ಚೀಲಗಳನ್ನೂ ಸ್ಪಷ್ಟವಾಗಿ ಸೇರಿಸಿ. ಚಡ್ಡಿಯಲ್ಲಿ ತುಸು ತುಸು ಮಲ ಸೋರುವ ಮಗು ಶಾಲೆ ಬಿಡುವುದು ಬುದ್ಧಿ ಸಾಲದೆ ಅಲ್ಲ, ಶಾಲೆಯ ಶೌಚಾಲಯದಲ್ಲಿ ನೀರಿಲ್ಲದೆ.

ಇನ್ನು ಸಂಶೋಧನೆ. ಈ ಕಾಯಿಲೆಯ ವಿಜ್ಞಾನದಲ್ಲಿ ಭಾರತೀಯರ ಹೆಸರು ಅಚ್ಚಾಗಿಯೇ ಇದೆ. 1981ರಲ್ಲಿ ಮುಂಬೈನ ಮಕ್ಕಳ ತಜ್ಞ ಷಾ ಮತ್ತು ಸಂಗಡಿಗರು ಹಣೆಯ ಮೇಲೆ ಬಿಳಿ ಕೂದಲಿನ ಜುಟ್ಟಿದ್ದ, ಕರುಳಿನಲ್ಲಿ ನರಕೋಶವಿಲ್ಲದ 12 ಶಿಶುಗಳ ವಿವರ ಪ್ರಕಟಿಸಿದರು. ಇಂದಿಗೂ ಅದನ್ನು ವಾರ್ಡನ್‌ಬರ್ಗ್–ಷಾ ಸಿಂಡ್ರೋಮ್ ಎನ್ನುತ್ತಾರೆ. ಕೂದಲಿಗೂ ಕರುಳಿಗೂ ಏನು ನಂಟೆಂದರೆ, ಬಣ್ಣದ ಕೋಶಗಳೂ ಕರುಳಿನ ನರಕೋಶಗಳೂ ಭ್ರೂಣದ ಒಂದೇ ಅಂಚಿನಿಂದ ಹೊರಡುವಂಥವು. ಅಚ್ಚಬಿಳಿ ಬಣ್ಣದ ಕೆಲವು ಕುದುರೆಮರಿಗಳು ಹುಟ್ಟಿದ ಒಂದೆರಡು ದಿನದಲ್ಲಿ ಹೊಟ್ಟೆನೋವಿನಿಂದ ಸಾಯುವುದೂ ಇದೇ ಕಾರಣಕ್ಕೆ. 1994ರಲ್ಲಿ ರೆಟ್ ಮತ್ತು ಇಡಿಎನ್‌ಆರ್‌ಬಿ ಎಂಬ ಎರಡು ಜೀನ್‌ಗಳ ಪಾತ್ರ ಹೊರಬಿತ್ತು. ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಓದಿದ ಅರವಿಂದ ಚಕ್ರವರ್ತಿಯವರ ತಂಡ 2005ರಲ್ಲಿ ರೆಟ್ ಜೀನಿನೊಳಗಿನ ಒಂದು ಸಾಮಾನ್ಯ ವ್ಯತ್ಯಾಸವೇ ಅಪಾಯವನ್ನು ಏರಿಸುತ್ತದೆಂದು ತೋರಿಸಿತು. ರೆಟ್‌ನ ಕೆಲವು ದೋಷಗಳು ಮುಂದೆ ಥೈರಾಯ್ಡ್ ಕ್ಯಾನ್ಸರ್ ಕೂಡ ತರುವುದರಿಂದ, ಜೀನ್ ಪರೀಕ್ಷೆ ಕೆಲವು ಮನೆಗಳಿಗೆ ನೇರವಾಗಿ ಪ್ರಯೋಜನಕಾರಿ.

ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಮದುವೆಯಾಗುವ ರೂಢಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ವಾರ್ಡನ್‌ಬರ್ಗ್–ಷಾದಲ್ಲಿ ಕೆಲವು ಸಲ ಆಗುವಂತೆ, ತಂದೆತಾಯಿ ಇಬ್ಬರಿಂದಲೂ ದೋಷ ಬಂದರೆ ಕಾಣಿಸುವ ಬಗೆಗಳನ್ನು ಅರಿಯಲು ಕರ್ನಾಟಕದ ಕುಟುಂಬಗಳ ಮಾಹಿತಿ ಅಮೂಲ್ಯ. ಪ್ರತಿ ಆಪರೇಷನ್ನಿನಲ್ಲೂ ತೆಗೆದ ಕರುಳಿನ ತುಂಡಿನಲ್ಲಿ ಒಂದು ತುದಿಗೆ ನರಕೋಶವಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಒಂದೇ ಮಗುವಿನಲ್ಲಿ ಕಾಯಿಲೆಯೂ ಆರೋಗ್ಯವೂ ಅಕ್ಕಪಕ್ಕ ಸಿಗುವ ಇಂಥ ಸಾಮಗ್ರಿಯನ್ನು ವರದಿ ಬಂದ ಮೇಲೆ ತ್ಯಾಜ್ಯದ ಹಳದಿ ಚೀಲಕ್ಕೆ ಹಾಕುತ್ತೇವೆ. ಪೋಷಕರ ಒಪ್ಪಿಗೆ ಪಡೆದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯಂತೆ ಅದನ್ನು ಕಾಪಿಡುವ ಒಂದು ಅಂಗಾಂಶ ಬ್ಯಾಂಕ್ ಬೆಂಗಳೂರಿನಲ್ಲಿ ಆಗಬೇಕು. ನಿಮ್ಹಾನ್ಸ್, ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್, ಇನ್‌ಸ್ಟೆಮ್ ಒಂದೇ ಊರಿನಲ್ಲಿವೆ. ನರಕೋಶ ಬಲ್ಲವರೂ ಕರುಳು ಬಲ್ಲವರೂ ಒಂದು ಮೇಜಿನ ಸುತ್ತ ಕೂತಿಲ್ಲ, ಅಷ್ಟೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಬರೆಯಲೇಬೇಕು. ಅದರಲ್ಲಿ ಕೆಲವನ್ನಾದರೂ ಈ ಕಡೆಗೆ ತಿರುಗಿಸಿದರೆ ಹೊಸ ಹಣವೂ ಹೆಚ್ಚು ಬೇಡ.

ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶ) ಎಂಬ ಮಾತು ಪೋಷಕರ ಕಿವಿಗೆ ಈಗಾಗಲೇ ಬಿದ್ದಿದೆ. 2016ರಲ್ಲಿ ನ್ಯೂಯಾರ್ಕಿನ ತಂಡವೊಂದು ಮಾನವ ಕಾಂಡಕೋಶಗಳಿಂದ ಬೆಳೆಸಿದ ಕರುಳಿನ ನರಕೋಶಗಳ ಪೂರ್ವಜರನ್ನು ಈ ಕಾಯಿಲೆಯ ಇಲಿಗಳ ಕರುಳಿಗೆ ಹಾಕಿ, ಅವು ಹರಡಿಕೊಂಡು ಇಲಿಗಳು ಬದುಕುಳಿದದ್ದನ್ನು ತೋರಿಸಿತು. ಮರುವರ್ಷ ಇನ್ನೊಂದು ತಂಡ ಪ್ರಯೋಗಾಲಯದಲ್ಲಿ ನರಕೋಶ ಸಹಿತ ಪುಟ್ಟ ಕರುಳನ್ನೇ ಬೆಳೆಸಿತು. ಆಶಾದಾಯಕ ಕೆಲಸ, ಅನುಮಾನವಿಲ್ಲ. ಆದರೆ ಮಕ್ಕಳ ಮಟ್ಟಿಗೆ ಇದು ಇವತ್ತಿನ ಚಿಕಿತ್ಸೆಯಲ್ಲ. ಐಸಿಎಂಆರ್ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಂಥ ಕೆಲವಕ್ಕೆ ಮಾಡುವ ಕಸಿಯನ್ನು ಬಿಟ್ಟು ಬೇರೆ ಯಾವುದಕ್ಕೂ ಅನುಮತಿ ಪಡೆದ ಪ್ರಯೋಗದ ಹೊರಗೆ ಕಾಂಡಕೋಶ ಕೊಡುವಂತಿಲ್ಲ, ಪ್ರಯೋಗವಾದರೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಜಾಹೀರಾತು ಹಾಕುವವರ ಮೇಲೆ ಕಣ್ಣಿಡುವುದು ಇಲಾಖೆಯ ಕೆಲಸ.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಶುರುವಾಗುವ ಮಲಬದ್ಧತೆಯಲ್ಲಿ ಬಹುಪಾಲು ಈ ಕಾಯಿಲೆಯಲ್ಲ, ಎಲ್ಲರಿಗೂ ಬಯಾಪ್ಸಿ ಮಾಡಿಸಿ ಎಂದು ನಮ್ಮ ಪತ್ರವನ್ನು ಓದಿಕೊಳ್ಳಬಾರದು. ಹುಟ್ಟಿದ ಮೊದಲ ತಿಂಗಳಿಂದಲೇ ತೊಂದರೆ, ಉಬ್ಬಿದ ಹೊಟ್ಟೆ, ಏರದ ತೂಕ, ಬೆರಳಿಗೆ ಖಾಲಿಯಾಗಿ ಸಿಗುವ ಮಲಾಶಯ, ಇವು ಇದ್ದವರಿಗೆ ಮಾತ್ರ. ಹಾಗೆಯೇ ಕರುಳನ್ನು ‘ಓಡಿಸುವ’ ಔಷಧಗಳನ್ನು ಶಿಶುಗಳಿಗೆ ಬೇಕಾಬಿಟ್ಟಿ ಬರೆಯುವುದೂ ನಿಲ್ಲಬೇಕು. ನರಕೋಶವೇ ಇಲ್ಲದ ಕಡೆ ಡೊಂಪೆರಿಡೋನ್ ಹನಿ ಏನನ್ನೂ ಓಡಿಸುವುದಿಲ್ಲ. ಇದೇ ಬಗೆಯ ಕೆಲಸಕ್ಕೆ ಒಂದು ಕಾಲದಲ್ಲಿ ಎಲ್ಲೆಡೆ ಬರೆಯುತ್ತಿದ್ದ ಸಿಸಪ್ರೈಡನ್ನು ಹೃದಯದ ಬಡಿತ ಕೆಡಿಸುತ್ತದೆಂದು 2011ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ್ದು ನೆನಪಿರಲಿ.

2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ದೋಷಗಳು ಒಂಬತ್ತು. ಸೀಳುತುಟಿ ಇದೆ, ಸೊಟ್ಟಪಾದ ಇದೆ, ಹೃದಯದ ದೋಷ ಇದೆ, ಹಿರ್ಷ್‌ಸ್ಪ್ರಂಗ್ ಇಲ್ಲ. ಡೌನ್ ಸಿಂಡ್ರೋಮ್ ಇದೆ. ಆ ಮಕ್ಕಳಲ್ಲಿ ಈ ಕಾಯಿಲೆಯ ಸಂಭವ ಉಳಿದವರಿಗಿಂತ ಹತ್ತಾರು ಪಟ್ಟು ಹೆಚ್ಚಾದರೂ ಅವರ ಮೋಷನ್ ಬಗ್ಗೆ ಕೇಳುವ ಸಾಲು ಫಾರಂನಲ್ಲಿಲ್ಲ. ಪಟ್ಟಿಗೆ ಸೇರಿಸುವಂತೆ ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಲಿ. ಅಲ್ಲಿಯವರೆಗೆ ಕಾಯದೆ ಕಲಬುರಗಿ ಮತ್ತು ಬೆಳಗಾವಿ ವಿಭಾಗಗಳಲ್ಲಿ ಒಂದು ವರ್ಷ ಪ್ರಾಯೋಗಿಕವಾಗಿ ಗಂಟೆ ಬರೆಸುವುದು, ನರ್ಸ್‌ಗಳಿಗೆ ಕರುಳು ತೊಳೆಯುವ ತರಬೇತಿ, ಎರಡು ಕಾಲೇಜುಗಳಲ್ಲಿ ಕ್ಯಾಲ್ರೆಟಿನಿನ್ ಬಣ್ಣ, ಇಷ್ಟನ್ನು ಶುರು ಮಾಡಿ. ಅನುಮಾನ ಬಂದ ಪ್ರತಿ ಮಗುವಿನ ವಯಸ್ಸು ಬಯಾಪ್ಸಿ ದಿನ ಎಷ್ಟಿತ್ತು, ವರದಿ ಎಷ್ಟು ದಿನಕ್ಕೆ ಬಂತು, ಉರಿಯೂತ ಆಗಿತ್ತೇ ಎಂಬ ಮೂರು ಕಾಲಂಗಳ ನೋಂದಣಿಯನ್ನು ಒಂದು ಕಾಲೇಜಿಗೆ ವಹಿಸಿ, ಅದರ ಹೊಣೆಗೆ ಒಬ್ಬ ನೋಡಲ್ ಅಧಿಕಾರಿಯನ್ನು ಹೆಸರಿಸಿ ಆದೇಶ ಹೊರಡಿಸಿ. ತರಬೇತಿಯ ಪಠ್ಯ, ಗೋಡೆಗೆ ಅಂಟಿಸುವ ಕನ್ನಡದ ಸೂಚನೆಗಳು, ಫಾರಂನ ಕರಡು, ಇವನ್ನು ಸಿದ್ಧಮಾಡಿಕೊಡಲು ನಾವು ತಯಾರಿದ್ದೇವೆ.

ಇತಿ ತಮ್ಮ ವಿಶ್ವಾಸಿಗಳು,
ಮಕ್ಕಳ ಶಸ್ತ್ರಚಿಕಿತ್ಸೆ, ನವಜಾತ ಶಿಶು ಆರೈಕೆ, ಪ್ಯಾಥಾಲಜಿ ಮತ್ತು ಕರುಳಿನ ನರಮಂಡಲದ ಸಂಶೋಧನೆಯಲ್ಲಿ ತೊಡಗಿರುವ ಕೆಲವರು